ಪಾರ್ಕಿಗೆ ಸೂರು ಕಟ್ಟಲು ಹೊರಟವರು

ನಮ್ಮ ಬಡಾವಣೆಯ ಪಾರ್ಕಿನ ಮಾತು ಬಂದರೆ ಒಂದು ಕಾಫಿಗೆ ಮುಗಿಯುವುದಿಲ್ಲ. ಅಲ್ಲಿ ಏನೇನು ಕಟ್ಟಿಸಬೇಕು ಅನ್ನುವುದು ಈ ಸಲದ ಚರ್ಚೆ. ರಾಯರಿಗೆ ಹಿರಿಯರು ಕೂರಲು ಒಂದು ಹಾಲ್ ಬೇಕು, ಫ್ಯಾನ್ ಸಮೇತ. ಶೆಟ್ರಿಗೆ ಗಣೇಶನ ಹಬ್ಬಕ್ಕೂ ರಾಜ್ಯೋತ್ಸವಕ್ಕೂ ಆಗುವ ಹಾಗೆ ಕಾಯಂ ವೇದಿಕೆ ಬೇಕು. ಪದ್ದಕ್ಕನಿಗೆ ಒಂದು ಟಾಯ್ಲೆಟ್ ಬೇಕು, ಅಷ್ಟೇ. ಮೇಷ್ಟ್ರಿಗೆ ಏನೂ ಬೇಡ, ಉಳಿದವರಿಗೆ ಇದೆಲ್ಲ ಯಾಕೆ ಸಿಗುವುದಿಲ್ಲ ಅಂತ ವಿವರಿಸೋಕೆ ಬಿಟ್ಟರೆ ಸಾಕು.

ತೊಡಕು ಏನಂದರೆ ಪಾರ್ಕಿನ ಮಗ್ಗುಲಲ್ಲೇ ರಾಜಕಾಲುವೆ. ವಾರ್ಡ್ ಇಂಜಿನಿಯರ್ ಬಂದರು, ನೋಡಿದರು, "ಬಫರ್ ಸಾರ್, ಏನೂ ಕಟ್ಟೋ ಹಾಗಿಲ್ಲ" ಅಂದರು, ಟೀ ಕುಡಿದು ಹೋದರು. ಬಫರ್ ಅಂದರೆ ಕಾಲುವೆಯ ಅಕ್ಕಪಕ್ಕ ಖಾಲಿ ಬಿಡಬೇಕಾದ ಜಾಗ.

ಶೆಟ್ರಿಗೆ ಸಿಟ್ಟು. "ಬೆಂಗಳೂರಲ್ಲಿ ನದಿನೇ ಇಲ್ಲ, ಪ್ರವಾಹ ಎಲ್ಲಿಂದ ಬರುತ್ತೆ ರೀ?"

"ವೃಷಭಾವತಿ ಇದೆ ಸ್ವಾಮಿ. ನೀವು ಅದನ್ನ ಮೋರಿ ಅಂತೀರಿ" ಅಂದರು ಮೇಷ್ಟ್ರು. ಆಮೇಲೆ ಅವರನ್ನು ತಡೆಯೋರು ಯಾರೂ ಇರಲಿಲ್ಲ. ಊರು ಕೂತಿರೋದು ದಿಣ್ಣೆ ಮೇಲೆ, ಬಿದ್ದ ಮಳೆ ಹೆಬ್ಬಾಳ, ವೃಷಭಾವತಿ, ಕೋರಮಂಗಲ-ಚಲ್ಲಘಟ್ಟ ಅಂತ ಮೂರು ದೊಡ್ಡ ಕಣಿವೆಗಳಲ್ಲಿ ಇಳಿಯುತ್ತೆ, ಮೇಲಿನ ಕೆರೆ ಕೋಡಿ ಬಿದ್ದರೆ ನೀರು ಕೆಳಗಿನ ಕೆರೆಗೆ ಹೋಗಬೇಕು, ಹೋಗೋ ದಾರಿಯೇ ರಾಜಕಾಲುವೆ, ಆ ದಾರಿಯ ಅಕ್ಕಪಕ್ಕದ ತಗ್ಗು ಕೂಡ ನೀರಿನದ್ದೇ. "2022ರ ಸೆಪ್ಟೆಂಬರಲ್ಲಿ ಸರ್ಜಾಪುರ ರಸ್ತೆ ಕಡೆ ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋದ್ರಲ್ಲ, ಮರೆತ್ರಾ?"

"ಅದು ಬೆಳ್ಳಂದೂರಿನವರ ಕಷ್ಟ ಬಿಡಿ."

"ನಮ್ಮ ಕಾಲುವೆ ಹೋಗೋದೂ ಅಲ್ಲಿಗೇ."

ರಾಯರು ಬ್ಯಾಂಕಿನಿಂದ ರಿಟೈರ್ ಆದವರು, ಅರ್ಧ ನೆನಪಿರುವ ಕಾನೂನನ್ನು ಪೂರ್ತಿ ಧೈರ್ಯದಿಂದ ಹೇಳುತ್ತಾರೆ. "75 ಮೀಟರ್ ಬಿಡಬೇಕು, ನಾನು ಪೇಪರಲ್ಲಿ ಓದಿದೀನಿ."

"ಅದು ಕೆರೆಗೆ. ಹಸಿರು ನ್ಯಾಯಮಂಡಳಿ 2016ರ ಮೇ ತಿಂಗಳಲ್ಲಿ ಹೇಳಿದ್ದು. 2019ರ ಮಾರ್ಚಲ್ಲಿ ಸುಪ್ರೀಂ ಕೋರ್ಟು ಅದನ್ನ ತೆಗೆದುಹಾಕಿತು. ಮತ್ತೆ ಮಾಸ್ಟರ್ ಪ್ಲಾನ್ 2015ರ ಲೆಕ್ಕಕ್ಕೇ ಬಂತು. ಕೆರೆಗೆ 30, ದೊಡ್ಡ ರಾಜಕಾಲುವೆಗೆ 50, ಎರಡನೇ ದರ್ಜೆದಕ್ಕೆ 25, ಸಣ್ಣದಕ್ಕೆ 15. ನಮ್ಮದು ಎರಡನೇ ದರ್ಜೆ. ನ್ಯಾಯಮಂಡಳಿ ಅದನ್ನ 35 ಮಾಡಿತ್ತು."

"ಅಂದ್ರೆ ಸುಮಾರು ಮೂರು ವರ್ಷ ನಮ್ಮ ಕಾಲುವೆಗೆ ಪ್ರಮೋಷನ್ ಆಗಿತ್ತು" ಅಂದಳು ಪದ್ದಕ್ಕ. "ಪಾಪ, ಅದಕ್ಕೆ ಯಾರೂ ಹೇಳ್ಲೇ ಇಲ್ಲ."

ಶೆಟ್ರು ಬಿಡಲಿಲ್ಲ. ಏನೂ ಕಟ್ಟಬಾರದ ಜಾಗದಲ್ಲಿ ಪಾರ್ಕ್ ಹೇಗೆ ಬಂತು? ನನಗೂ ಇದು ಒಳ್ಳೆ ಪ್ರಶ್ನೆ ಅನಿಸಿತು. ಉತ್ತರ ಮಾತ್ರ ಶೆಟ್ರಿಗೆ ಕಹಿಯಾಯಿತು. ಲೇಔಟ್ ಮಾಡುವವನು ಪಾರ್ಕಿಗೆ ಜಾಗ ಬಿಡಲೇಬೇಕು. ಕಣಿವೆಯ ಜಾಗ ಲೇಔಟಿನೊಳಗೆ ಬಂದರೆ ಅದನ್ನು ಪಾರ್ಕಿನ ಲೆಕ್ಕಕ್ಕೆ ಹಿಡಿಯಬಹುದು ಅಂತ ಆ ಮಾಸ್ಟರ್ ಪ್ಲಾನಲ್ಲೇ ಇದೆ. ಸೈಟು ಮಾಡಿ ಮಾರೋಕಾಗದ ತಗ್ಗಿಗೆ ನಮ್ಮ ಬಿಲ್ಡರ್ ಎರಡು ಉಯ್ಯಾಲೆ ನೆಟ್ಟು, ನಾಲ್ಕು ಹೊಂಗೆ ಸಸಿ ಇಟ್ಟು, ಬ್ರೋಷರಲ್ಲಿ ಹಸಿರು ಬಣ್ಣ ಬಳಿದಿದ್ದ.

"ಪಾರ್ಕ್ ಫೇಸಿಂಗ್ ಅಂತ ನಾನು ಚದರಡಿಗೆ ಜಾಸ್ತಿ ಕೊಟ್ಟೆನಲ್ರೀ!"

"ನೀವು ಕೊಟ್ಟಿದ್ದು ಕಾಲುವೆ ಫೇಸಿಂಗಿಗೆ" ಅಂದರು ಮೇಷ್ಟ್ರು, ಎಷ್ಟೋ ವರ್ಷದಿಂದ ಕಾಯುತ್ತಿದ್ದವರ ಹಾಗೆ.

ಹಾಗಾದರೆ ಮಣ್ಣು ಹೊಡೆಸಿ, ಎತ್ತರ ಮಾಡಿ, ಅದರ ಮೇಲೆ ವೇದಿಕೆ ಕಟ್ಟಿದರೆ?

"ನೀರು ಆಚೆ ದಡದ ಮನೆಗಳಿಗೆ ನುಗ್ಗುತ್ತೆ."

"ಅದು ಬೇರೆ ಅಸೋಸಿಯೇಷನ್."

ಈ ವಾದಕ್ಕೆ ಸ್ವಲ್ಪ ಹೊತ್ತು ಯಾರಿಗೂ ಉತ್ತರ ಹೊಳೆಯಲಿಲ್ಲ. ಕೊನೆಗೆ ಮೇಷ್ಟ್ರು ತಂತಿ ಬೇಲಿ ನೆನಪಿಸಿದರು. ನಾವೇ ಚಂದಾ ಎತ್ತಿ ಹಾಕಿಸಿದ ಬೇಲಿ. ಒಂದು ಮಳೆಗೆ ಅದರ ಕಣ್ಣುಗಳಲ್ಲೆಲ್ಲ ಪ್ಲಾಸ್ಟಿಕ್ ಕವರು, ಸೊಪ್ಪುಸದೆ, ಎಳನೀರು ಬುರುಡೆ, ಯಾರದ್ದೋ ಎಡಗಾಲಿನ ಹವಾಯಿ ಚಪ್ಪಲಿ, ಒಂದು ದಿಂಬು ಸಿಕ್ಕಿಕೊಂಡವು. ಬೇಲಿ ಹೋಗಿ ಅಣೆಕಟ್ಟಾಯಿತು, ಹಿಂದೆ ನೀರು ನಿಂತಿತು, ಒತ್ತಡ ತಾಳದೆ ಕಂಬಗಳ ಸಮೇತ ಮಲಗಿತು. ನೀರು ಇಳಿದ ಮೇಲೂ ವ್ಯಾಯಾಮದ ಯಂತ್ರಗಳ ಹಿಡಿಕೆಗೆ, ನನ್ನ ಎದೆಮಟ್ಟಕ್ಕೆ, ಹಾಲಿನ ಪ್ಯಾಕೆಟ್ಟುಗಳು ಸುತ್ತಿಕೊಂಡಿದ್ದವು. ಆದರೆ ಕಲ್ಲುಬೆಂಚು ಕದಲಿರಲಿಲ್ಲ. ಕೆಸರು ಗುಡಿಸಿದ ಮೇಲೆ ಮಕ್ಕಳು ಕ್ರಿಕೆಟ್ ಆಡಿದರು. ನನ್ನನ್ನು ಕೇಳಿದರೆ ಆ ಜಾಗಕ್ಕೆ ಬೆಂಚು, ದಾರಿ, ಮರ, ಬಯಲು ಸಾಕು. ಆದರೆ ನನ್ನನ್ನು ಯಾರೂ ಕೇಳಲಿಲ್ಲ.

ಹಾಲ್ ಬಗ್ಗೆ ರಾಯರು ಇನ್ನೊಮ್ಮೆ ಬಾಯಿ ತೆರೆದಾಗ ಮೇಷ್ಟ್ರು 1985ರ ಉದ್ಯಾನ ಕಾಯ್ದೆ ತೆಗೆದರು, ಪಾರ್ಕನ್ನು ಬೇರೆ ಕೆಲಸಕ್ಕೆ ಬಳಸೋ ಹಾಗಿಲ್ಲ ಅಂತ. ಇವತ್ತು ಹಿರಿಯರ ಹಾಲ್, ನಾಳೆ ಅಲ್ಲೇ ನಾಮಕರಣ, ನಾಡಿದ್ದು ಬಾಡಿಗೆ ರಸೀತಿ. ರಾಯರು ಬಾಡಿಗೆ ಅನ್ನೋ ಮಾತಿಗೆ ಕಿವಿ ನೆಟ್ಟಗೆ ಮಾಡಿದ್ದು ಎಲ್ಲರಿಗೂ ಕಾಣಿಸಿತು.

ಪದ್ದಕ್ಕ ಲೋಟ ಕೆಳಗಿಟ್ಟಳು. "ಹಾಲೂ ಬೇಡ, ಸ್ಟೇಜೂ ಬೇಡ. ಬೆಳಗ್ಗೆ ಬಂದು ಸಂಜೆವರೆಗೆ ಗಿಡ ನೋಡ್ಕೊಳ್ಳೋ ಹೆಂಗಸು ಎಲ್ಲಿಗೆ ಹೋಗ್ಬೇಕು? ನಿಮಗೆಲ್ಲ ಕಾಂಪೌಂಡಿದೆ, ಮರ ಇದೆ."

ಗಂಡಸರೆಲ್ಲ ಚಟ್ನಿ ನೋಡುತ್ತಾ ಕೂತರು. ಮೇಷ್ಟ್ರು ಕೂಡ ಮೊದಲ ಸಲ ಮೆತ್ತಗೆ ಮಾತಾಡಿದರು. ಬಫರಲ್ಲಿ ಗುಂಡಿ ತೋಡಿದರೆ ನೆರೆ ಬಂದ ದಿನ ಅದೂ ನೀರಿನ ಜೊತೆ ಊರು ಸುತ್ತುತ್ತೆ. ಗೆರೆಯಿಂದ ಆಚೆ, ಎತ್ತರದಲ್ಲಿ, ರಸ್ತೆ ಕೆಳಗಿನ ಒಳಚರಂಡಿ ಪೈಪಿಗೆ ಸೇರಿಸೋ ಹಾಗೆ ಕಟ್ಟಿದರೆ ಕೇಳಿ ನೋಡಬಹುದು. ಅಳತೆ ಮಾಡೋಣ.

ಅಳತೆ ಕಾಲುವೆಯ ನಟ್ಟನಡುವಿನಿಂದ. ನಡುವೆ ಇಳಿದು ನಿಲ್ಲೋರು ಯಾರು? ರಾಯರು ನನ್ನನ್ನು ನೋಡಿದರು, ನಾನು ಶೆಟ್ರನ್ನು ನೋಡಿದೆ. ಪುಣ್ಯಕ್ಕೆ ಕಿರುಸೇತುವೆ ಇತ್ತು. ರಾಯರು ಅದರ ಮಧ್ಯೆ ಟೇಪಿನ ತುದಿ ಹಿಡಿದು ನಿಂತರು, ಹಿಂದೆ ನಿಂತ ಸ್ಕೂಟರಿನವರೆಲ್ಲ ಹಾರ್ನ್ ಹೊಡೆದರು. ಪದ್ದಕ್ಕ ಇನ್ನೊಂದು ತುದಿ ಹಿಡಿದು ಕಾಲುವೆಗೆ ನೇರ ಅಡ್ಡಕ್ಕೆ ನಡೆದಳು. ಉಯ್ಯಾಲೆ ದಾಟಿತು, ವ್ಯಾಯಾಮದ ಯಂತ್ರ ದಾಟಿತು, ಹೊಂಗೆ ಮರವೂ ದಾಟಿತು. 25 ಮುಗಿದದ್ದು ಗೇಟಿನ ಹತ್ತಿರ. ಗೇಟಿಗೂ ಗೆರೆಗೂ ನಡುವೆ ಒಂದು ಮೂಲೆ ಉಳಿಯಿತು, ಟಾಯ್ಲೆಟ್ಟಿಗೆ ಸರಿಯಾಗಿ ಆಗುವಷ್ಟು. ಎದುರಿಗೆ ರಸ್ತೆ, ರಸ್ತೆ ದಾಟಿದರೆ ಶೆಟ್ರ ಮನೆ ಬಾಗಿಲು.

ಶೆಟ್ರು ತುಂಬಾ ಹೊತ್ತು ಆ ಮೂಲೆಯನ್ನೇ ನೋಡಿದರು.

"ಟೇಪು ಸಡಿಲ ಬಿಟ್ಟಿದೀರ, ಪದ್ದಕ್ಕ."

"ಎಳೆದೇ ಹಿಡಿದಿದೀನಿ."

"ಅಲ್ಲ, ಹಸಿರು ನ್ಯಾಯಮಂಡಳಿಯವರು ಸುಮ್ನೆ ಹೇಳ್ತಾರಾ? ತಿಳಿದೋರು. ನೀರಿನ ವಿಷಯ ಚೆಲ್ಲಾಟ ಅಲ್ಲ. ನಂಗೆ 35 ಮೀಟರೇ ಸರಿ ಅನ್ಸುತ್ತೆ."

ಮೇಷ್ಟ್ರು ಟೇಪನ್ನು ರಸ್ತೆಯ ಆಚೆಗೂ ಎಳೆಸಿದರು. "35 ಅಂದ್ರೆ ಗೆರೆ ನಿಮ್ಮ ಕಾರ್ ಶೆಡ್ಡಿನ ಮಧ್ಯೆ ಬರುತ್ತೆ ಶೆಟ್ರೇ. ಹಾಕ್ಲಾ?"

ಶೆಟ್ರು ಶೆಡ್ ನೋಡಿದರು, ಗೇಟಿನ ಮೂಲೆ ನೋಡಿದರು.

"30ಕ್ಕೆ ಮುಗಿಸೋಣ."