ಎಂಎಲ್ಎ ಸ್ವಚ್ಛ ಗಾಳಿ ಸ್ವಚ್ಛ ನೀರು ಅಂತ ಮಾತಾಡ್ಲಿಕತ್ತಾರ, ಅವ್ರಿಗಿ ಏನಂತ ಕೇಳ್ಬೇಕ್ರಿ?

ತೊಗರಿ_ಹೊಲ (ಸೇಡಂ ಕಡೆ):
ಹೋದ ವಾರ ನಮ್ಮೂರಿಗಿ ಎಂಎಲ್ಎ ಬಂದಿದ್ರು, ಸಸಿ ನೆಟ್ರು, ಗಾಳಿ ನೀರು ಹವಾಮಾನ ಅಂತ ಅರ್ಧ ತಾಸು ಭಾಷಣ ಮಾಡಿದ್ರು, ಛಲೋನೇ ಮಾತಾಡಿದ್ರು ಸುಳ್ ಯಾಕ್ ಹೇಳ್ಲಿ. ಆದ್ರ ನಮ್ ಮಾಳಗಿ ಮ್ಯಾಲ ಮುಂಜಾನಿ ಶಾವಗಿ ಒಣ ಹಾಕಿದ್ರ ಸಂಜಿಕ್ ಬೂದಿ ಬಳದಂಗ ಆಗಿರ್ತದ, ಬಾಜೂಕಿನ ಸಿಮೆಂಟ್ ಫ್ಯಾಕ್ಟರಿ, ಕ್ರಷರ್ ಕಡಿ ಧೂಳು, ತೊಗರಿ ಹೂವಿನ ಮ್ಯಾಲೂ ಅದೇ. ಮುಂದಿನ ತಿಂಗಳ ಸಭೆ ಅದ, ಧೂಳ್ ಅಂದ್ರ "ನೋಡೋಣ" ಅಂದ್ಬಿಡ್ತಾರ. ನೋಡೋಣ ಅನ್ಲಿಕ್ಕ ಬರಬಾರ್ದು ಅಂಥಾ ಪ್ರಶ್ನೆ ಯಾವ್ದಾರ ಅದ ಏನ್ರಿ?

ಭೀಮಾ_ದಂಡಿ:
ನೀರಿನ ಕಾಯ್ದೆ 1974ರದ್ದು, ಗಾಳಿದು 1981ರದ್ದು, ಎರಡೂ ದಿಲ್ಲಿಯಾಗ ಆದವು, ಅವನ್ನ ತಿದ್ದಾದು ಎಂಎಲ್ಎ ಕೈಯಾಗ ಇಲ್ಲ. ಆದ್ರ ಫ್ಯಾಕ್ಟರಿಗಿ ಪರ್ಮಿಶನ್ ಕೊಡಾದು, ಕಂಡಿಶನ್ ಹಾಕಾದು ನಮ್ ರಾಜ್ಯದ ಮಾಲಿನ್ಯ ನಿಯಂತ್ರಣ ಮಂಡಳಿ, ಅದಕ್ಕ ಮ್ಯಾಲ ಮಂತ್ರಿ. ಅಂದ್ರ ಸದನದಾಗ ಚುಕ್ಕೆ ಗುರುತಿನ ಪ್ರಶ್ನೆ ಹಾಕಿದ್ರ ಮಂತ್ರಿ ಎದ್ದು ಉತ್ತರ ಕೊಡ್ಬೇಕು, ಅದು ಕಡತದಾಗ ಉಳಿತದ, ಸಸಿ ಒಣಗಿದ್ರೂ ಅದು ಒಣಗಲ್ಲ. 2023ರಾಗ ಪರಿಸರ ಖಾತೆ ಭಾಲ್ಕಿಯ ಈಶ್ವರ ಖಂಡ್ರೆ ಅವರಿಗಿ ಬಂದಾಗ ನಮ್ ಕಡಿಯವ್ರೇ ಮಂತ್ರಿ ಆದ್ರು ಅಂತ ಖುಷಿ ಪಟ್ಟೋರ್ ಎಷ್ಟ್ ಮಂದಿ, ಪ್ರಶ್ನೆ ಕಳಸ್ರಿ ಅಂತ ತಮ್ ಎಂಎಲ್ಎಗಿ ಚೀಟಿ ಕೊಟ್ಟೋರ್ ಎಷ್ಟ್ ಮಂದಿ?

ಶಹಾಬಾದ್_ಕಲ್ಲು:
ಒಂದ್ ವಿಷಯ ಸರಿಯಾಗಿ ತಿಳ್ಕೋರಿ ಇಲ್ಲಾಂದ್ರ ಅಲ್ಲೇ ಸಿಕ್ಕಾಕೋತೀರಿ. ಸಿಮೆಂಟ್ ಫ್ಯಾಕ್ಟರಿ ಚಿಮಣಿಗಿ ಆನ್‌ಲೈನ್ ಮೀಟರ್ ಇರ್ತದ, ಧೂಳ್ ಅಂದ ಕೂಡ್ಲೆ ಅದರ ಕಾಗದ ತೋರಸ್ತಾರ, ಎಲ್ಲಾ ಲಿಮಿಟ್‌ನಾಗ ಅದ ಅಂತಾರ, ಅದು ಖರೇನೂ ಇರಬಹುದು. ಆದ್ರ ಕಲ್ಲಿನ ಗಣಿ, ಕ್ರಷರ್, ತಾಡಪತ್ರಿ ಇಲ್ದೆ ಓಡೋ ಲಾರಿ, ಕಚ್ಚಾ ರಸ್ತಾ, ಇಲ್ಲಿಂದ ಏಳೋ ಧೂಳು ಚಿಮಣಿ ಮೀಟರಿಗಿ ಗೊತ್ತೇ ಆಗಲ್ಲ. ಪಿಎಂ 10, ಅಂದ್ರ 10 ಮೈಕ್ರಾನ್ ಒಳಗಿನ ಧೂಳಿನ ಕಣಕ್ಕ ನಮ್ ದೇಶದ ಲಿಮಿಟ್ ದಿನದ ಸರಾಸರಿ ಒಂದ್ ಘನ ಮೀಟರ್ ಗಾಳಿಗಿ 100 ಮೈಕ್ರೋಗ್ರಾಂ, ಅದನ್ನ ಅಳೀಬೇಕಾದ್ರ ಮಶೀನ್ ಊರಾಗೇ ಇಡ್ಬೇಕು. "ಊರಾಗ ಅಳದೀರೇನು, ಯಾವ ದಿನ, ಎಷ್ಟ್ ಬಂತು, ನೀರ್ ಹೊಡಿಬೇಕು ಲಾರಿ ಮುಚ್ಚಬೇಕು ಅನ್ನೋ ಕಂಡಿಶನ್ ಕೊನಿಗಿ ಯಾವಾಗ ಚೆಕ್ ಮಾಡೀರಿ" ಅಂತ ಬರ್ದ್ ಕೊಡ್ರಿ. ತಾರೀಖು ಕೇಳಿದ್ರ ನೋಡೋಣ ಅನ್ಲಿಕ್ಕ ಬರಲ್ಲ.

ಸುರಂಗ_ಬಾವಿ (ಬೀದರ್):
ಇನ್ನೊಂದ್ ಸೇರಸ್ರಿ. 2019ರಾಗ ಕೇಂದ್ರದವ್ರು ಶುದ್ಧ ಗಾಳಿ ಕಾರ್ಯಕ್ರಮ ತಂದ್ರಲ್ಲ, ಕರ್ನಾಟಕದಿಂದ ಬೆಂಗಳೂರು, ದಾವಣಗೆರೆ, ಹುಬ್ಬಳ್ಳಿ-ಧಾರವಾಡ, ಕಲಬುರಗಿ ನಾಕೇ. ಕಲಬುರಗಿ ಬಂತು ಅಂತ ಖುಷಿ ಪಡಬ್ಯಾಡ್ರಿ, ಅದು ಸಿಟಿಗಿ ಮಾಡಿದ ಪ್ಲಾನ್, ಕ್ರಷರ್ ಇರಾದು ನಿಮ್ ಹಳ್ಳಿ ಬಾಜೂಕ. ನಮ್ ಕಲ್ಯಾಣ ಕರ್ನಾಟಕಕ್ಕ ಅಂತ ಇರೋ 371ಜೆ ವಿಶೇಷ ಸ್ಥಾನಮಾನದ ರೊಕ್ಕದಾಗ ಹಳ್ಳಿಗಿ ಒಂದ್ ಮಶೀನ್ ಯಾಕ್ ಬರಲ್ಲ ಅಂತ ಕೇಳ್ರಿ. ನಮ್ ಕಡೆ ನೌಬಾದ್‌ನಾಗ ಬಹಮನಿ ಕಾಲದಾಗೇ ನೆಲದಡಿ ಸುರಂಗ ಹೊಡ್ದು ನೀರ್ ತಂದಾರ, ಈಗಿನವ್ರಿಗಿ ಒಂದ್ ಡಬ್ಬಿ ಇಡ್ಲಿಕ್ಕ ಆಗಲ್ಲಂದ್ರ ಏನ್ ಅನ್ನಾದು.

ತೊಗರಿ_ಹೊಲ:
ಚೀಟಿ ಬರದೀನ್ರಿ, ಶಹಾಬಾದ್_ಕಲ್ಲು ಹೇಳಿದ್ದೇ ಮೊದ್ಲು ಹಾಕೀನಿ. ನಮ್ಮವ್ವ ಅದರ ಜೋಡಿ ಒಂದ್ ತಾಟು ಶಾವಗಿನೂ ಒಯ್ಯಿ ಅಂತಾಳ, ತೊಳಿದೇ.