ಪ್ಲಗ್-ಇನ್ ಹೈಬ್ರಿಡ್: ಗೇರ್‌ಬಾಕ್ಸ್ ಒಳಗಿನ ಕ್ಲಚ್‌ಗೆ ವಾರಂಟಿ ಇಲ್ಲ ಅಂತಿದಾರೆ, ನಿಜಾನಾ?

ಮಿಣುಕುಹುಳ:
ನಂದು ಪ್ಲಗ್-ಇನ್ ಹೈಬ್ರಿಡ್, ಅಂದ್ರೆ ಚಾರ್ಜ್ ಹಾಕಿ ಬರೀ ಬ್ಯಾಟ್ರೀಲೂ ಓಡುತ್ತೆ, ಜೊತೆಗೆ ಪೆಟ್ರೋಲ್ ಇಂಜಿನ್ನೂ ಇದೆ. ಗಾಡಿಗೆ ನಾಲ್ಕು ವರ್ಷ ಆಯ್ತು. ಬ್ಯಾಟ್ರೀಲಿ ಓಡೋವಾಗ ಏನೂ ತೊಂದ್ರೆ ಇಲ್ಲ, ಆದ್ರೆ ಏರಲ್ಲೋ ಓವರ್‌ಟೇಕ್ ಮಾಡೋವಾಗ್ಲೋ ಇಂಜಿನ್ ಬಂದು ಸೇರ್ಕೊಳುತ್ತಲ್ಲ, ಆಗ ಧಡ್ ಅಂತ ಹಿಂದಿಂದ ಯಾರೋ ಗುದ್ದಿದ ಹಾಗೆ ಜರ್ಕ್ ಹೊಡಿಯುತ್ತೆ, ಆಮೇಲೆ ತಾನೇ ಸರಿಹೋಗುತ್ತೆ. ಸರ್ವಿಸ್ ಸೆಂಟರ್‌ನೋರು ಕ್ಲಚ್ ಹೋಗಿದೆ, ಅದು ಸವೆಯೋ ಪಾರ್ಟು, ವಾರಂಟಿ ಬರಲ್ಲ ಅಂತಾರೆ. ಆಟೋಮ್ಯಾಟಿಕ್ ಗಾಡಿ ಕಣ್ರೀ, ಕ್ಲಚ್ ಪೆಡಲೇ ಇಲ್ಲ! ಬ್ಯಾಟ್ರಿಗೆ 8 ವರ್ಷ ಇದೆಯಲ್ಲ, ಅದ್ರಲ್ಲಿ ಬರಲ್ವಾ? ಗೇರ್‌ಬಾಕ್ಸ್ ಬಿಚ್ಚೋಕೆ ಸಹಿ ಬೇರೆ ಕೇಳ್ತಿದಾರೆ.

ಗ್ರೀಸ್‌ಕೈ:
ಸಹಿ ಹಾಕ್ಬೇಡಿ ಈಗ್ಲೇ. ಬಿಚ್ಚಿದ ಮೇಲೆ ವಾರಂಟಿ ಇಲ್ಲ ಅಂದ್ರೆ ಬಿಚ್ಚಿದ ಕೂಲಿ ನಿಮ್ ತಲೆ ಮೇಲೇ ಬರುತ್ತೆ.

ಕೆಲವು ಹೈಬ್ರಿಡ್‌ಗಳಲ್ಲಿ ಇಂಜಿನ್‌ಗೂ ಮೋಟರ್‌ಗೂ ಮಧ್ಯೆ ಒಂದು ಕ್ಲಚ್ ಇರುತ್ತೆ, ಬರೀ ಕರೆಂಟಲ್ಲಿ ಹೋಗೋವಾಗ ಇಂಜಿನ್ನನ್ನ ಕಳಚಿಡೋಕೆ. ಅದನ್ನ ಕಂಪ್ಯೂಟರೇ ಹಾಕಿ ತೆಗೆಯೋದು, ನಿಮ್ ಕಾಲಿಗೆ ಅದ್ರಲ್ಲಿ ಕೆಲ್ಸಾನೇ ಇಲ್ಲ. ಮ್ಯಾನುಯಲ್ ಗಾಡಿ ಕ್ಲಚ್ ಪ್ಲೇಟಿಗೆ ಬರೆದ ರೂಲ್ ತಂದು ಇದಕ್ಕೆ ಅಂಟಿಸೋದು ನನ್ ಪ್ರಕಾರ ಸರಿಯಲ್ಲ. ಆದ್ರೆ ನನ್ ಮಾತಿಗಿಂತ ನಿಮ್ ವಾರಂಟಿ ಬುಕ್ ಮಾತು ನಡೆಯೋದು, ಅದನ್ನ ತೆಗೆದು ನೋಡಿ.

ಬಿಚ್ಚೋಕೆ ಮೊದ್ಲು 12 ವೋಲ್ಟ್ ಬ್ಯಾಟ್ರಿ (ಗಾಡಿ ಓಡಿಸೋ ದೊಡ್ಡದಲ್ಲ, ಲೈಟು ಕಂಪ್ಯೂಟರಿಗಿರೋ ಸಣ್ಣದು) ಚೆಕ್ ಮಾಡಿಸಿ, ಅದು ವೀಕ್ ಆದ್ರೆ ಇಲ್ದೇ ಇರೋ ಎರರೆಲ್ಲ ಬರುತ್ತೆ. ಇಂಜಿನ್ ಮೌಂಟ್, ಅಂದ್ರೆ ಇಂಜಿನ್ ಕೂರಿಸಿರೋ ರಬ್ಬರ್ ಹಿಡಿಕೆ, ಒಡೆದಿದ್ರೂ ಇದೇ ಥರ ಧಡ್ ಅನ್ನುತ್ತೆ. ಸಾಫ್ಟ್‌ವೇರ್ ಅಪ್‌ಡೇಟ್ ಏನಾದ್ರೂ ಬಾಕಿ ಇದ್ಯಾ ಅಂತಾನೂ ಕೇಳಿ.

ಸಣ್ಣಕ್ಷರ:
ವಾರಂಟಿ ಅಂದ್ರೆ ಒಂದೇ ಅಲ್ಲ. ಪೂರ್ತಿ ಗಾಡೀದು ಒಂದು, ಪವರ್‌ಟ್ರೇನ್‌ದು (ಇಂಜಿನ್, ಗೇರ್‌ಬಾಕ್ಸ್ ಥರದ್ದು) ಒಂದು, ಹೈಬ್ರಿಡ್ ಪಾರ್ಟ್‌ಗಳದು ಒಂದು, ಹೈ ವೋಲ್ಟೇಜ್ ಬ್ಯಾಟ್ರೀದು ಇನ್ನೊಂದು, ಎಲ್ಲದಕ್ಕೂ ವರ್ಷ ಬೇರೆ ಕಿಲೋಮೀಟರ್ ಬೇರೆ. 8 ವರ್ಷ ಅಥವಾ 1,60,000 ಕಿಮೀ ಅಂತ ತುಂಬಾ ಕಂಪನಿಗಳು ಬರೆಯೋದು ಬ್ಯಾಟ್ರಿಗೆ, ಅದನ್ನ ಹಿಡ್ಕೊಂಡು ಗೇರ್‌ಬಾಕ್ಸ್ ಕೇಳಿದ್ರೆ ಕೊಡಲ್ಲ. ಹೈಬ್ರಿಡ್ ಪಾರ್ಟ್‌ಗಳ ಪಟ್ಟೀಲಿ ಮೋಟರ್, ಇನ್ವರ್ಟರ್ (ಬ್ಯಾಟ್ರಿ ಕರೆಂಟನ್ನ ಮೋಟರ್‌ಗೆ ಬೇಕಾದ ಹಾಗೆ ಬದಲಾಯಿಸೋದು) ಜೊತೆ ಟ್ರಾನ್ಸಾಕ್ಸಲ್, ಅಂದ್ರೆ ಗೇರ್‌ಬಾಕ್ಸೂ ಚಕ್ರಗಳಿಗೆ ಶಕ್ತಿ ಹಂಚೋ ಡಿಫರೆನ್ಷಿಯಲ್ಲೂ ಸೇರಿರೋ ಘಟಕ, ಅಂತ ಇದ್ಯಾ ನೋಡಿ, ಇದ್ರೆ ಬೆರಳಿಟ್ಟು ತೋರಿಸಿ. ಹೋಗಿರೋ ಪಾರ್ಟ್ ನಂಬರು, ಎರರ್ ಕೋಡು, ಯಾವ ಪುಟದ ಯಾವ ಸಾಲಿನ ಪ್ರಕಾರ ಇಲ್ಲ ಅಂತಿದೀರ, ಇಷ್ಟನ್ನೂ ಬರವಣಿಗೇಲಿ ಕೇಳಿ. ಬಾಯಲ್ಲಿ ಆರಾಮಾಗಿ ಇಲ್ಲ ಅನ್ನೋರು ಪೇಪರ್ ಮೇಲೆ ಬರೆಯೋಕೆ ಯೋಚ್ನೆ ಮಾಡ್ತಾರೆ 😄

ಬ್ಯಾಟ್ರಿಪ್ರೇಮಿ:
ಇಂಜಿನ್ನೇ ಓಡಲ್ವಲ್ಲ ಅಂತ ಆಯಿಲ್ ಚೇಂಜ್ ಬಿಟ್ಟಿಲ್ಲ ತಾನೇ? ಪ್ಲಗ್-ಇನ್‌ನೋರು ಸುಮಾರ್ ಜನ ಇಲ್ಲೇ ಸಿಕ್ಕಾಕೊಳೋದು. ಸ್ವಲ್ಪ ಸ್ವಲ್ಪ ಓಡಿ ನಿಲ್ಲೋ ಇಂಜಿನ್ ಸರಿಯಾಗಿ ಬಿಸಿನೇ ಆಗಲ್ಲ, ಪೆಟ್ರೋಲು ನೀರಿನಂಶ ಎಲ್ಲ ಆಯಿಲಲ್ಲೇ ಉಳ್ಕೊಳುತ್ತೆ, ಅದಕ್ಕೇ ಕಿಲೋಮೀಟರ್ ಆಗ್ದಿದ್ರೂ ತಿಂಗಳ ಲೆಕ್ಕದಲ್ಲಿ ಬದಲಾಯಿಸಿ ಅಂತ ಬುಕ್ಕಲ್ಲಿರುತ್ತೆ.

ಮಿಣುಕುಹುಳ:
ಆಯಿಲ್ ಬಿಲ್ ಎಲ್ಲಾ ಇದೆ ಸಾರ್. ಆದ್ರೆ ಕ್ಲಚ್‌ಗೂ ಇಂಜಿನ್ ಆಯಿಲ್‌ಗೂ ಏನ್ ಸಂಬಂಧ?

ಗ್ರೀಸ್‌ಕೈ:
ನೇರ ಸಂಬಂಧ ಏನಿಲ್ಲ, ಆದ್ರೆ ಬಿಲ್ ಇಲ್ದಿದ್ರೆ ಅದೇ ನೆಪ ಆಗುತ್ತೆ. ನಿಮಗೆ ಬೇಕಾಗಿರೋದು ಗೇರ್‌ಬಾಕ್ಸ್ ಫ್ಲೂಯಿಡ್ ಬಗ್ಗೆ. ತುಂಬಾ ಡಿಸೈನಲ್ಲಿ ಮೋಟರ್ ವೈಂಡಿಂಗ್‌ಗೂ (ಒಳಗಿನ ತಂತಿ ಸುರುಳಿ) ಅದೇ ಆಯಿಲ್ ತಾಗುತ್ತೆ, ಹೊರಗಡೆ ಯಾರೋ ಕೈಗೆ ಸಿಕ್ಕಿದ್ದು ಸುರಿದ್ರೆ ಆ ತಂತಿ ಮೇಲಿನ ಇನ್ಸುಲೇಷನ್ ಎಕ್ಕುಟ್ಟೋಗೋ ಚಾನ್ಸ್ ಇದೆ, ಆಗ ಕಂಪನಿ ವಾರಂಟಿ ಇಲ್ಲ ಅಂದ್ರೆ ವಾದ ಮಾಡೋದು ಕಷ್ಟ. ಅದನ್ನ ಯಾವತ್ತಾದ್ರೂ ಹೊರಗೆ ಚೇಂಜ್ ಮಾಡಿಸಿದ್ರಾ?

ಮಿಣುಕುಹುಳ:
ಇಲ್ಲ, ಮುಟ್ಟೇ ಇಲ್ಲ. ಬುಕ್ಕಲ್ಲಿ ಟ್ರಾನ್ಸಾಕ್ಸಲ್ ಅಂತ ಇದೆ, ಈಗ ನೋಡ್ದೆ. ಕೋಡ್ ಪ್ರಿಂಟ್ ಕೊಡಿ ಅಂತ ಮೇಲ್ ಹಾಕಿದೀನಿ, ಮ್ಯಾನೇಜರ್ ಬರ್ಲಿ ಅಂತಿದಾರೆ.