ಒಂದೇ ಕೋಣೆ, ಒಂದೇ ಒಲೆ, ಒಂದು ಕೆಟ್ಟ ಗೋಡೆ: 2,000 ರೂಪಾಯಿಯಲ್ಲಿ ಏನು ಮಾಡಬಹುದು?

ಹಾವೇರಿ ಹುಡುಗ:

ಎಲ್ಲರಿಗೂ ನಮಸ್ಕಾರ. ಮೂರು ವರ್ಷ ಪಿಜಿಯಲ್ಲಿದ್ದೆ. ಅಲ್ಲಿನ ಸಾರು ಅಂದರೆ ಅರಿಶಿನ ಹಾಕಿದ ಬಿಸಿನೀರು. ಸಾಕಾಗಿ ಜೂನ್‌ನಲ್ಲಿ ಇಲ್ಲೇ ಬೆಂಗಳೂರಿನ ಶ್ರೀನಗರದಲ್ಲಿ ಒಂದು ಕೋಣೆಯ ಮನೆ ಹಿಡಿದೆ. ಹತ್ತಡಿಗೆ ಹನ್ನೆರಡಡಿ. ಅದರ ಮೂಲೆಯಲ್ಲೇ ಅಡುಗೆ ಕಟ್ಟೆ, ಪಕ್ಕದಲ್ಲಿ ಬಚ್ಚಲು. ಗ್ಯಾಸ್ ಇನ್ನೂ ತಗೊಂಡಿಲ್ಲ, ಒಂದು ಇಂಡಕ್ಷನ್ ಒಲೆ ಇದೆ.

ಮೊದಲನೇ ತೊಂದರೆ ಗೋಡೆ. ಕಿಟಕಿ ಪಕ್ಕದ ಗೋಡೆ ನನ್ನ ತಲೆಯ ಮಟ್ಟದಿಂದ ಮೇಲಕ್ಕೆ ಪೂರ್ತಿ ಕಪ್ಪು ಚುಕ್ಕೆ. ಬೂಷ್ಟು ವಾಸನೆ ಬೇರೆ. ವಿಡಿಯೋ ಕಾಲ್‌ನಲ್ಲಿ ಅಮ್ಮನಿಗೆ ಆ ಗೋಡೆ ಕಾಣದ ಹಾಗೆ ಕೂತು ಮಾತಾಡುತ್ತೇನೆ. ಇಟ್ಟಿಗೆ ಡಿಸೈನಿನ ಸ್ಟಿಕರ್ ಸಿಗುತ್ತದಲ್ಲ, ಅದನ್ನು ತಂದು ಅಂಟಿಸಿಬಿಡೋಣ ಅಂತಿದ್ದೇನೆ. 1,200 ರೂಪಾಯಿ ಆಗುತ್ತದೆ. ಉಳಿದ 800ಕ್ಕೆ ಕಿಟಕಿಗೆ, ಬಚ್ಚಲ ಬಾಗಿಲಿಗೆ ಪರದೆ. ಮಾಲೀಕರು ಒಂದೇ ಒಂದು ಮೊಳೆ ಹೊಡೆಯಬೇಡ ಅಂದಿದ್ದಾರೆ. ಹಾಗಾದರೆ ಪರದೆ ಯಾವುದಕ್ಕೆ ಕಟ್ಟೋದು?

ಎರಡನೇದು ಊಟ. ಅನ್ನ, ತಿಳಿಸಾರು, ಮೊಟ್ಟೆ. ಮತ್ತೆ ಅನ್ನ, ತಿಳಿಸಾರು, ಮೊಟ್ಟೆ. ಇಂಡಕ್ಷನ್ ಮೇಲೆ ಜೋಳದ ರೊಟ್ಟಿ ಸುಡೋಕೆ ಬೆಂಕಿಯೇ ಇಲ್ಲವಲ್ಲ. ಪಾಟರಿ ಟೌನ್‌ಗೆ ಹೋಗಿ ಆಸೆಯಿಂದ ಮಣ್ಣಿನ ಮಡಕೆ ತಂದೆ. ಒಲೆ ಮೇಲೆ ಇಟ್ಟರೆ ಕುಯ್ ಕುಯ್ ಅಂತ ಕೂಗಿ ಆಫ್ ಆಯಿತು. ಒಂದೇ ಒಲೆಯಲ್ಲಿ, ಒಂದೇ ಸಲಕ್ಕೆ ಸಾರು ಪಲ್ಯ ಎರಡೂ ಆಗುವಂಥದ್ದು ಏನಾದರೂ ಇದೆಯಾ?

ಚಾಮರಾಜಪೇಟೆ ಅತ್ತೆ:

ಇದೆ ಕಣಪ್ಪ. ಬಸ್ಸಾರು. ನಿಮ್ಮ ಕಡೆ ಮಾಡೋದು ಕಡಿಮೆ. ಈ ಕಡೆ ಮಂಡ್ಯ, ಹಾಸನ, ತುಮಕೂರಿನವರ ಯಾವ ಮನೆಗೆ ಹೋದರೂ ಕಲಿಸಿಕೊಡ್ತಾರೆ.

ಮಡಕೆ ಹೋಗಲಿ ಬಿಡು, ಅದರಲ್ಲಿ ದೊಡ್ಡಪತ್ರೆ ನೆಡು. ಇಂಡಕ್ಷನ್‌ಗೆ ತಳಕ್ಕೆ ಅಯಸ್ಕಾಂತ ಅಂಟುವ ಪಾತ್ರೆ ಬೇಕು. ಅಂಗಡಿಗೆ ಹೋಗುವಾಗ ಜೇಬಲ್ಲಿ ಒಂದು ಅಯಸ್ಕಾಂತ ಇಟ್ಟುಕೊಂಡು ಹೋಗು.

ಅರ್ಧ ಲೋಟ ತೊಗರಿಬೇಳೆಗೆ ನಾಲ್ಕು ಲೋಟ ನೀರು. ಕುಕ್ಕರ್ ಬೇಡ, ಅದರಲ್ಲಿ ಬೇಳೆ ಕರಗಿಬಿಡುತ್ತೆ. ಪಾತ್ರೆಯಲ್ಲೇ ಬೇಯಿಸು. ಬೆರಳಲ್ಲಿ ಒತ್ತಿದರೆ ಬೇಳೆ ಮುರಿಯಬೇಕು, ಕರಗಬಾರದು. ಆಗ ಒಂದು ಕಟ್ಟು ದಂಟಿನ ಸೊಪ್ಪು ಹೆಚ್ಚಿ ಹಾಕು, ಉಪ್ಪು ಹಾಕು. ಜೊತೆಗೆ ಒಂದು ಹಿಡಿ ಸಬ್ಬಸಿಗೆ ಇದ್ದರೆ ಘಮ ಬೇರೆ. ಸೊಪ್ಪು ಬೆಂದ ಮೇಲೆ ಎಲ್ಲಾ ಬಸಿದುಬಿಡು. ಕೆಳಗೆ ಇಳಿದ ನೀರು ಇದೆಯಲ್ಲ, ಅದು ಕಟ್ಟು. ಅದನ್ನು ಚೆಲ್ಲಿದೆ ಅಂತ ಗೊತ್ತಾದರೆ ನಾನು ಮತ್ತೆ ಉತ್ತರ ಬರೆಯಲ್ಲ.

ಈಗ ಖಾರ. ಅರ್ಧ ಈರುಳ್ಳಿ, ನಾಲ್ಕು ಎಸಳು ಬೆಳ್ಳುಳ್ಳಿ, ಜೀರಿಗೆ, ನಾಲ್ಕು ಕಾಳು ಮೆಣಸು, ಮೂರು ಬ್ಯಾಡಗಿ ಮೆಣಸಿನಕಾಯಿ ಹುರಿದುಕೋ. ಹಾವೇರಿಯವನಿಗೆ ಬ್ಯಾಡಗಿಗೆ ಬರ ಇರಲಾರದು. ಬ್ಯಾಡಗಿ ಬಣ್ಣ ಜಾಸ್ತಿ ಕೊಡುತ್ತೆ, ಖಾರ ಕಡಿಮೆ. ಖಾರ ಬೇಕಿದ್ದರೆ ಒಂದು ಗುಂಟೂರು ಸೇರಿಸು. ಚೂರು ಹುಣಸೆ, ಎರಡು ಚಮಚ ಕಾಯಿತುರಿ, ಬಸಿದಿಟ್ಟ ಬೇಳೆ ಸೊಪ್ಪಿನಲ್ಲಿ ಒಂದು ಸೌಟು. ಈ ಒಂದು ಸೌಟೇ ಮುಖ್ಯ. ಅದಿಲ್ಲದಿದ್ದರೆ ಸಾರು ನೀರು ನೀರಾಗುತ್ತೆ. ಎಲ್ಲಾ ನುಣ್ಣಗೆ ರುಬ್ಬಿ ಕಟ್ಟಿಗೆ ಹಾಕಿ ಚೆನ್ನಾಗಿ ಕುದಿಸಿ, ಸಾಸಿವೆ ಕರಿಬೇವಿನ ಒಗ್ಗರಣೆ ಕೊಡು.

ಮಿಕ್ಕ ಬೇಳೆ ಸೊಪ್ಪಿಗೆ ಈರುಳ್ಳಿ, ಹಸಿಮೆಣಸಿನಕಾಯಿ ಒಗ್ಗರಣೆ, ಮೇಲೆ ಕಾಯಿತುರಿ. ಅದೇ ಪಲ್ಯ. ಮುದ್ದೆ ಕಲಿಯುವವರೆಗೆ ಅನ್ನ ಸಾಕು. ಬಸ್ಸಾರು ಮಾರನೇ ದಿನ ಇನ್ನೂ ರುಚಿ. ರಾತ್ರಿ ಒಂದು ಕುದಿ ಕುದಿಸಿಡು.

ಸುಣ್ಣಬಣ್ಣ:

ಅತ್ತೆ ಹೇಳಿದ ಬಸ್ಸಾರು ಮಾಡಿ. ಆದರೆ ಸ್ಟಿಕರ್ ಮಾತ್ರ ತರಬೇಡಿ. ಇಪ್ಪತ್ತು ವರ್ಷ ಪೇಂಟಿಂಗ್ ಕೆಲಸ ಮಾಡಿಸಿದವನು ಹೇಳ್ತಿದ್ದೇನೆ. ತೇವದ ಗೋಡೆಗೆ ಪ್ಲಾಸ್ಟಿಕ್ ಹಾಳೆ ಅಂಟಿಸಿದರೆ ನೀರು ಒಳಗೇ ಉಳಿಯುತ್ತದೆ. ಎರಡು ತಿಂಗಳಲ್ಲಿ ಸ್ಟಿಕರ್ ತುದಿ ಏಳುತ್ತದೆ. ಕಿತ್ತರೆ ಪೇಂಟೂ ಜೊತೆಗೆ ಬರುತ್ತದೆ. ಆಮೇಲೆ ಅಡ್ವಾನ್ಸ್‌ನಲ್ಲಿ ಎಷ್ಟು ಹಿಡಿಯುತ್ತಾರೆ ನೋಡಿ.

ಮೊದಲು ನೀರು ಎಲ್ಲಿಂದ ಬರುತ್ತಿದೆ ಅಂತ ಗೊತ್ತಾಗಬೇಕು. ಒಂದು ಅಡಿ ಅಲ್ಯೂಮಿನಿಯಂ ಫಾಯಿಲ್ ತಗೊಳ್ಳಿ. ಗೋಡೆಯನ್ನು ಒಣಬಟ್ಟೆಯಲ್ಲಿ ಒರೆಸಿ, ನಾಲ್ಕೂ ಕಡೆ ಟೇಪ್ ಹಾಕಿ ಅಂಟಿಸಿ. ಎರಡು ದಿನ ಬಿಡಿ. ಅಡುಗೆ ಮಾಡುವಾಗ, ಬೆಳಿಗ್ಗೆ ಎದ್ದಾಗ ಮುಟ್ಟಿ ನೋಡಿ. ಹೊರಮೈ ಒದ್ದೆಯಾಗಿದ್ದರೆ ಅದು ಕೋಣೆಯ ಹಬೆ. ಕಿತ್ತಾಗ ಗೋಡೆ ಕಡೆಯ ಮೈ ಒದ್ದೆ ಇದ್ದರೆ ನೀರು ಗೋಡೆಯೊಳಗಿಂದ ಬರುತ್ತಿದೆ. ಆಗ ಪೈಪು, ತಾರಸಿ ನೋಡಿಸೋದು ಮಾಲೀಕರ ಕೆಲಸ, ನಿಮ್ಮದಲ್ಲ.

ನನಗೆ ಅನಿಸೋದು ಹಬೆಯೇ. ನೆಲದಿಂದ ಏರುವ ತೇವ ಆಗಿದ್ದರೆ ಕೆಳಗಡೆ ಬಿಳಿ ಉಪ್ಪು ಎದ್ದು ಪೇಂಟ್ ಉಬ್ಬಿ ಉದುರುತ್ತಿತ್ತು. ನಿಮ್ಮದು ಮೇಲ್ಗಡೆ ಕಪ್ಪು ಚುಕ್ಕೆ. ಮಳೆ ಅಂತ ಬಟ್ಟೆ ಕೋಣೆಯಲ್ಲೇ ಒಣಗಿಸ್ತೀರಾ? ವೆಂಟಿಲೇಟರ್ ಇದೆಯಾ?

ಸುಣ್ಣ ಹೊಡೆಯೋಣ ಅಂತ ಯಾರಾದರೂ ಹೇಳಬಹುದು. ಸುಣ್ಣ ಒಳ್ಳೆಯದೇ, ಗೋಡೆ ಉಸಿರಾಡುತ್ತದೆ. ಆದರೆ ಪ್ಲಾಸ್ಟಿಕ್ ಪೇಂಟ್ ಮೇಲೆ ಅದು ನಿಲ್ಲೋದಿಲ್ಲ, ಪುಡಿಯಾಗಿ ಉದುರುತ್ತದೆ. ಹಳೇ ಪೇಂಟ್ ಪೂರ್ತಿ ಕೆರೆಯಬೇಕು. ಬಾಡಿಗೆ ಮನೆಗೆ ಆ ಉಸಾಬರಿ ಬೇಡ.

ಸುಮ್ನೆ ಓದುವವಳು:

ಪರದೆ ವಿಷಯ ಯಾರೂ ಹೇಳಲಿಲ್ಲ! ಅಮ್ಮನ ಹಳೇ ಕಾಟನ್ ಸೀರೆ ಒಂದು ತರಿಸಿಕೊಳ್ಳಿ. ಐದೂವರೆ ಮೀಟರ್ ಅಂದರೆ ಹದಿನೆಂಟು ಅಡಿ. ಬಾಗಿಲಿಗೆ ಏಳು ಅಡಿ, ಕಿಟಕಿಗೆ ಐದರ ಎರಡು ತುಂಡು, ಮಿಕ್ಕ ಒಂದು ಅಡಿ ಮೇಲೆ ಕೆಳಗೆ ಮಡಚಿ ಹೊಲಿಯೋಕೆ. ಮೊಳೆ ಬದಲು ಸ್ಪ್ರಿಂಗ್ ರಾಡ್ ಬರುತ್ತದೆ, ತಿರುಗಿಸಿದರೆ ಚೌಕಟ್ಟಿನ ಎರಡು ಬದಿಗೆ ಬಿಗಿಯಾಗಿ ಕೂರುತ್ತದೆ. ನಾನು ಚಿಕ್ಕಪೇಟೆಯಲ್ಲಿ ತಗೊಂಡೆ. ಚೌಕಟ್ಟಿನ ಒಳ ಅಳತೆ ಬರೆದುಕೊಂಡು ಹೋಗಿ. ನಾನು ಕಣ್ಣಳತೆಯಲ್ಲಿ ತಂದು ಎರಡು ಸಲ ಮೆಟ್ರೋ ಹತ್ತಿದೆ.

ಕತ್ತರಿ ಹಾಕುವ ಮುಂಚೆ ಅಮ್ಮನಿಗೆ ಫೋನ್ ಮಾಡಿ. ನಾನು ಮಾಡಲಿಲ್ಲ. ಅದು ಅವರ ಸೀಮಂತದ ಸೀರೆಯಂತೆ.

ಹಾವೇರಿ ಹುಡುಗ:

ಹತ್ತು ದಿನ ಆಯಿತು, ಕ್ಷಮಿಸಿ. ಫಾಯಿಲ್ ಅಂಟಿಸಿದೆ. ಗೋಡೆ ಕಡೆ ಒಣ. ಹೊರಮೈ ಮೇಲೆ, ಬೇಳೆ ಕುದಿಯುವಾಗ, ಹನಿ ಹನಿ! ಸುಣ್ಣಬಣ್ಣ ಸರ್, ನೀವು ಹೇಳಿದ್ದೇ ಸರಿ. ವೆಂಟಿಲೇಟರ್ ಹುಡುಕಿದರೆ, ಹಿಂದಿನವರು ಯಾರೋ ಅದಕ್ಕೆ ರಟ್ಟು ಅಂಟಿಸಿ ಮೇಲೆ ಪೇಂಟೂ ಬಳಿದಿದ್ದಾರೆ. ನಾನು ಅದನ್ನು ಗೋಡೆ ಅಂದುಕೊಂಡಿದ್ದೆ. ಕಿತ್ತೆ. ಒಂದು ಹಳೇ ಪಾರಿವಾಳದ ಗೂಡೂ ಬಂತು.

ಬ್ಲೀಚಿಂಗ್ ಪೌಡರ್ ನೀರಲ್ಲಿ ಗೋಡೆ ಒರೆಸಿದೆ, ಮೂಗಿಗೆ ಬಟ್ಟೆ ಕಟ್ಟಿ, ಕಿಟಕಿ ತೆಗೆದು. ಚುಕ್ಕೆ ಮುಕ್ಕಾಲು ಹೋಗಿದೆ. ಸ್ಟಿಕರ್ ತರಲಿಲ್ಲ. ರಾಡ್ ಎರಡು, ಟೈಲರ್ ಹೊಲಿಗೆ, ಫಾಯಿಲ್, ಎಲ್ಲಾ ಸೇರಿ 740 ರೂಪಾಯಿ. ಸೀರೆ ಅಮ್ಮನೇ ಬಸ್ಸಿನಲ್ಲಿ ಕಳಿಸಿದರು, ಜೊತೆಗೆ ಎರಡು ಕೆಜಿ ಬ್ಯಾಡಗಿ.

ಅತ್ತೆ, ಮೊದಲ ಸಲ ಬೇಳೆ ಕರಗಿತು. ಪಲ್ಯ ಪಾಯಸದ ಹಾಗೆ ಇತ್ತು. ಎರಡನೇ ಸಲ ಸರಿಯಾಯಿತು. ಕೆಳಗಿನ ಮನೆಗೆ ಒಂದು ಬಟ್ಟಲು ಕೊಟ್ಟೆ. ಮಾಲೀಕರು ಮನೆಯವರ ಜೊತೆ ಮೇಲೆ ಬಂದು ಗೋಡೆ ನೋಡಿ, ಬಟ್ಟೆ ಒಣಹಾಕೋಕೆ ತಾರಸಿಯಲ್ಲಿ ಹಗ್ಗ ಕಟ್ಟಿಕೋ ಅಂದರು. ಅಲ್ಲೂ ಮೊಳೆ ಮಾತ್ರ ಹೊಡೆಯಬಾರದಂತೆ.